ಎರಡು ದೊಡ್ಡ ಟ್ರೇಲ್ ಜೋಡಿಸಿ ಒಂದು ವಾರದ ಲೂಪ್: ಜಾರ್ಜಿಯಾ ಲೂಪ್ ಹಿಡಿದು ಪ್ಲಾನ್ ಮಾಡುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಅಪಲಾಚಿಯನ್ ಟ್ರೇಲ್ (ಟ್ರೇಲ್ ಅಂದ್ರೆ ಕಾಡು ಬೆಟ್ಟದ ಕಾಲುದಾರಿ) ಪೂರ್ತಿ ನಡೆಯೋಕೆ ಐದಾರು ತಿಂಗಳು ಬೇಕು. ಜಾರ್ಜಿಯಾದ ಸ್ಪ್ರಿಂಗರ್ ಮೌಂಟನ್‌ನಿಂದ ಮೇಯ್ನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ 14 ರಾಜ್ಯ, ಸುಮಾರು 3,500 ಕಿಲೋಮೀಟರ್. ಕೆಲಸ, ಮನೆ, ಮಕ್ಕಳ ಸ್ಕೂಲು ಇರುವವರಿಗೆ ಸದ್ಯಕ್ಕೆ ಅದು ಆಗೋ ಮಾತಲ್ಲ. ಸರಿ, ತುಂಡು ತುಂಡಾಗಿ ನಡೆಯೋಣ ಅಂದ್ರೆ ಇನ್ನೊಂದು ತಲೆನೋವು: ಒಂದು ಕಡೆ ಶುರು ಮಾಡಿ 60 ಮೈಲಿ ಆಚೆ ಮುಗಿಸ್ತೀರಿ, ಕಾರು ಮಾತ್ರ ಶುರು ಮಾಡಿದ ಕಡೆಯೇ ನಿಂತಿರುತ್ತೆ. ಎರಡು ಕಾರು ತಗೊಂಡು ಹೋಗಬೇಕು, ಇಲ್ಲಾ ಶಟಲ್‌ನವರಿಗೆ ದುಡ್ಡು ಕೊಟ್ಟು ಅವರ ಸಮಯಕ್ಕೆ ಸರಿಯಾಗಿ ನಡೆದು ಮುಗಿಸಬೇಕು.

ಲೂಪ್‌ನಲ್ಲಿ ಈ ರಗಳೆ ಇಲ್ಲ. ಕಾರು ನಿಲ್ಲಿಸಿದ ಕಡೆಗೇ ವಾಪಸ್ ಬರ್ತೀರಿ. ಒಂದು ದಿನ ತಡವಾದರೂ ಯಾರೂ ಕಾಯ್ತಾ ಕೂತಿರಲ್ಲ. ಹೋದ ದಾರಿಯಲ್ಲೇ ತಿರುಗಿ ಬರುವ ಬೇಜಾರೂ ಇಲ್ಲ. ಅಟ್ಲಾಂಟಾ ಸುತ್ತಮುತ್ತ ಇರುವ ಕನ್ನಡದವರಿಗಂತೂ ಎರಡು ಗಂಟೆ ಡ್ರೈವ್‌ನಲ್ಲೇ ಇಂಥದ್ದೊಂದು ಒಳ್ಳೆ ಲೂಪ್ ಇದೆ, ಜಾರ್ಜಿಯಾ ಲೂಪ್ ಅಂತ. ಸುಮಾರು 60 ಮೈಲಿ, ಅಂದ್ರೆ ಹತ್ತಿರ ಹತ್ತಿರ 100 ಕಿಲೋಮೀಟರ್. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಪ್ಲಾನ್ ಮಾಡೋದು ಹೇಗೆ ಅಂತ ಹೇಳ್ತೀನಿ. ವಿಧಾನ ಗೊತ್ತಾದರೆ ಯಾವ ಬೆಟ್ಟದಲ್ಲಿ ಬೇಕಾದರೂ ನಿಮ್ಮ ಲೂಪ್ ನೀವೇ ಕಟ್ಟಬಹುದು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಹೆಸರುವಾಸಿ ಟ್ರೇಲಿನಿಂದ ಪ್ಲಾನ್ ಶುರು ಮಾಡಬೇಡಿ. ಎರಡು ದೊಡ್ಡ ಟ್ರೇಲುಗಳನ್ನು ಜೋಡಿಸುವ ಕೊಂಡಿ ಟ್ರೇಲ್ ಇರುತ್ತಲ್ಲ, ಅಲ್ಲಿಂದ ಶುರು ಮಾಡಿ. ದೊಡ್ಡ ಟ್ರೇಲಿನಲ್ಲಿ ರಾತ್ರಿ ತಂಗೋಕೆ ಶೆಲ್ಟರ್ ಇರುತ್ತೆ, ಜನ ಸಿಗ್ತಾರೆ, ನೀರು ಎಲ್ಲೆಲ್ಲಿದೆ ಅನ್ನೋದು ಆ್ಯಪ್‌ನಲ್ಲೇ ಇರುತ್ತೆ. ಕೊಂಡಿಯಲ್ಲಿ ಇವು ಯಾವುವೂ ಇರಲ್ಲ. ಎಷ್ಟು ದಿನ, ಎಷ್ಟು ಲೀಟರ್ ನೀರು, ಯಾವ ಕಡೆಯಿಂದ ನಡೆಯಬೇಕು ಅನ್ನೋದನ್ನೆಲ್ಲ ತೀರ್ಮಾನ ಮಾಡೋದು ಆ ಕೊಂಡಿಯೇ.

ಮೊದಲ ಹೆಜ್ಜೆ: ಎರಡು ಕಡೆ ಸೇರುವ ದಾರಿ ಹುಡುಕಿ

ಲೂಪ್ ಆಗಬೇಕಾದರೆ ಎರಡು ಟ್ರೇಲ್ ಎರಡು ಕಡೆ ಸೇರಬೇಕು, ಅಥವಾ ಒಂದು ಕಡೆ ಸೇರಿ ಇನ್ನೊಂದು ಕಡೆ ಮೂರನೇ ಟ್ರೇಲ್ ಅವನ್ನು ಕೂಡಿಸಬೇಕು. ಜಾರ್ಜಿಯಾ ಲೂಪ್ ಎರಡನೇ ಬಗೆಯದ್ದು. ಸ್ಪ್ರಿಂಗರ್ ಮೌಂಟನ್‌ನಲ್ಲಿ ಎರಡು ದೊಡ್ಡ ಟ್ರೇಲ್ ಶುರುವಾಗ್ತವೆ. ಒಂದು ಅಪಲಾಚಿಯನ್ ಟ್ರೇಲ್, ಅದು ಪೂರ್ವದ ಕಡೆ ಬ್ಲಡ್ ಮೌಂಟನ್‌ಗೆ ಹೋಗುತ್ತೆ. ಇನ್ನೊಂದು ಬೆಂಟನ್ ಮಕಾಯ್ ಟ್ರೇಲ್, ಅದು ಉತ್ತರಕ್ಕೆ ಹೊರಟು ಗ್ರೇಟ್ ಸ್ಮೋಕಿ ಮೌಂಟನ್ಸ್‌ವರೆಗೆ ಸುಮಾರು 460 ಕಿಲೋಮೀಟರ್ ಹೋಗುತ್ತೆ. ಇವೆರಡರ ನಡುವೆ ಅಡ್ಡಲಾಗಿ ಇರೋದು ಡಂಕನ್ ರಿಡ್ಜ್ ಟ್ರೇಲ್. ರೋಡ್ಸ್ ಮೌಂಟನ್ ಹತ್ತಿರ ಮಕಾಯ್ ಟ್ರೇಲನ್ನು ಬಿಟ್ಟು ಏಣಿನ (ಬೆಟ್ಟಸಾಲಿನ ನೆತ್ತಿಯ) ಮೇಲೇ ಪೂರ್ವಕ್ಕೆ ಹೋಗಿ, ಬ್ಲಡ್ ಮೌಂಟನ್ ಪಕ್ಕದ ಸ್ಲಾಟರ್ ಗ್ಯಾಪ್‌ನಲ್ಲಿ (ಗ್ಯಾಪ್ ಅಂದ್ರೆ ಎರಡು ಗುಡ್ಡಗಳ ನಡುವಿನ ತಗ್ಗು) ಅಪಲಾಚಿಯನ್ ಟ್ರೇಲಿಗೆ ಸೇರುತ್ತೆ. ಅಲ್ಲಿಗೆ ಸುತ್ತು ಮುಗೀತು.

ಬೆಂಟನ್ ಮಕಾಯ್ ಯಾರು ಅಂತ ಗೊತ್ತಿರಲಿ. 1921ರಲ್ಲಿ ಅಪಲಾಚಿಯನ್ ಟ್ರೇಲಿನ ಕಲ್ಪನೆಯನ್ನು ಮೊದಲು ಜನರ ಮುಂದೆ ಇಟ್ಟವರು ಅವರು. ಅವರ ಹೆಸರಿನ ಟ್ರೇಲ್ ಪೂರ್ತಿಯಾಗಿದ್ದು 2005ರಲ್ಲಿ. ಅದನ್ನು ಕಡಿದು ಮಾಡಿದ್ದು, ಈಗಲೂ ನೋಡಿಕೊಳ್ಳೋದು ಸ್ವಯಂಸೇವಕರು. ಆ ದಾರಿಯಲ್ಲಿ ಅಪಲಾಚಿಯನ್ ಟ್ರೇಲಿನಷ್ಟು ಜನ ಸಿಗಲ್ಲ. ನನಗೆ ಅದೇ ಜಾಸ್ತಿ ಇಷ್ಟ.

ನಕ್ಷೆ ಕಾಗದದ್ದೇ ತಗೊಳ್ಳಿ. ನ್ಯಾಷನಲ್ ಜಿಯಾಗ್ರಫಿಕ್‌ನ ಟ್ರೇಲ್ಸ್ ಇಲಸ್ಟ್ರೇಟೆಡ್ ಸರಣಿಯಲ್ಲಿ 777ನೇ ನಂಬರಿನ ನಕ್ಷೆ ಸ್ಪ್ರಿಂಗರ್ ಮತ್ತು ಕೊಹುಟ್ಟಾ ಬೆಟ್ಟಗಳದ್ದು. ಮೇಜಿನ ಮೇಲೆ ಹರಡಿ, ಟ್ರೇಲುಗಳು ಒಂದನ್ನೊಂದು ದಾಟುವ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ. ಫೋನಿನ ಚಿಕ್ಕ ಪರದೆಯಲ್ಲಿ ಸುತ್ತಿನ ಆಕಾರ ಕಣ್ಣಿಗೆ ಬೀಳಲ್ಲ. ಹೀಗೆ ಗುರುತು ಹಾಕಿದರೆ ಶಾರ್ಟ್‌ಕಟ್‌ಗಳೂ ತಾನಾಗಿ ಕಾಣ್ತವೆ. ಉದಾಹರಣೆಗೆ ತ್ರೀ ಫೋರ್ಕ್ಸ್. ಸ್ಟೋವರ್, ಚೆಸ್ಟರ್, ಲಾಂಗ್ ಕ್ರೀಕ್ ಅನ್ನೋ ಮೂರು ಹಳ್ಳಗಳು ಸೇರಿ ನೂನ್‌ಟೂಟ್ಲಾ ಆಗುವ ಜಾಗ ಅದು. ಅಲ್ಲಿ ಅಪಲಾಚಿಯನ್ ಮತ್ತು ಮಕಾಯ್ ಟ್ರೇಲ್ ಮತ್ತೆ ಸೇರ್ತವೆ. ಅಂದ್ರೆ ಸ್ಪ್ರಿಂಗರ್‌ಗೆ ಹೋಗಿ ಬರೋದನ್ನು ಬಿಟ್ಟರೆ ಸುಮಾರು 10 ಮೈಲಿ ಉಳಿಯುತ್ತೆ. ಮಳೆ ಹಿಡಿದರೆ, ಕಾಲು ನೋವು ಬಂದರೆ ಇಂಥ ಒಂದು ಗಂಟು ಬಹಳ ಉಪಕಾರಕ್ಕೆ ಬರುತ್ತೆ.

ಎರಡನೇ ಹೆಜ್ಜೆ: ಕೊಂಡಿಯನ್ನು ಗೆರೆ ಗೆರೆಯಾಗಿ ಓದಿ

ಈಗ ಡಂಕನ್ ರಿಡ್ಜ್. ಎತ್ತರ ನೋಡಿದರೆ ಹೆದರುವಂಥದ್ದೇನೂ ಅಲ್ಲ. ಅದರ ಅತಿ ಎತ್ತರದ ಕೂಸಾ ಬಾಲ್ಡ್ ಕೂಡ ಸುಮಾರು 1,300 ಮೀಟರ್, ನಮ್ಮ ಕುಮಾರ ಪರ್ವತ 1,712 ಮೀಟರ್. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿದವರು ಈ ಅಂಕಿ ನೋಡಿ ಹಗುರ ಅಂದ್ಕೋಬಹುದು. ಹಾಗೆ ಅಂದ್ಕೋಬೇಡಿ. ಕುಮಾರ ಪರ್ವತದಲ್ಲಿ ಹತ್ತಿದ್ದು ಬಹುಪಾಲು ಒಂದೇ ಸಲ, ಇಳಿದಿದ್ದು ಒಂದೇ ಸಲ. ಡಂಕನ್ ರಿಡ್ಜ್ ಟ್ರೇಲ್ ಗುಡ್ಡದ ಪಕ್ಕದಲ್ಲಿ ಸುತ್ತಿ ಹೋಗಲ್ಲ, ಏಣಿನ ಮೇಲೇ ಪ್ರತಿ ಗುಡ್ಡ ಹತ್ತಿ ಪ್ರತಿ ಗ್ಯಾಪ್‌ಗೆ ಇಳಿಯುತ್ತೆ. ಕೂಸಾ ಬಾಲ್ಡ್ ಹತ್ತಿ ಉಸಿರು ಬಿಟ್ಟರೆ, ವುಲ್ಫ್‌ಪೆನ್ ಗ್ಯಾಪ್‌ಗೆ ಸುಮಾರು ಸಾವಿರ ಅಡಿ ಇಳಿದು ಸ್ಲಾಟರ್ ಮೌಂಟನ್ ಕಡೆಗೆ ಮತ್ತೆ ಅಷ್ಟೇ ಹತ್ತಬೇಕು. ಜಾರ್ಜಿಯಾ ಡೆತ್ ರೇಸ್ ಅನ್ನೋ ಓಟ ಈ ಕಡೆ ಹಾದು ಹೋಗುತ್ತೆ ಅಂದ್ರೆ ಏರಿಳಿತ ಹೇಗಿರಬಹುದು ಅಂತ ನೀವೇ ಊಹಿಸಿ.

ಹಾಗಾಗಿ ಮೈಲಿಯನ್ನು ಮಾತ್ರ ಎಣಿಸಬೇಡಿ. 1892ರಲ್ಲಿ ಸ್ಕಾಟ್‌ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಒಂದು ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತೆ: ಪ್ರತಿ 3 ಮೈಲಿಗೆ ಒಂದು ಗಂಟೆ, ಅದರ ಜೊತೆಗೆ ಹತ್ತುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. 10 ಮೈಲಿ ಇದ್ದು 3,000 ಅಡಿ ಹತ್ತೋದಿದ್ದರೆ 3 ಗಂಟೆ 20 ನಿಮಿಷಕ್ಕೆ ಒಂದೂವರೆ ಗಂಟೆ ಸೇರಿಸಿ, 4 ಗಂಟೆ 50 ನಿಮಿಷ ಆಯ್ತು. ಇದು ಬರಿಗೈಯಲ್ಲಿ ಚುರುಕಾಗಿ ನಡೆಯುವವರ ಲೆಕ್ಕ. ಬೆನ್ನ ಮೇಲೆ 14 ಕೆಜಿ ಹೊತ್ತವರು ಅರ್ಧದಷ್ಟು ಸೇರಿಸಿ, ಹೆಚ್ಚುಕಡಿಮೆ 7 ಗಂಟೆ ಅಂತ ಇಟ್ಟುಕೊಳ್ಳಿ. ಊಟ, ನೀರು ತುಂಬೋದು, ಫೋಟೊ, ಇದೆಲ್ಲ ಬೇರೆ. ನಕ್ಷೆ ಆ್ಯಪ್‌ಗಳಾದ ಗಯಾ ಅಥವಾ ಕ್ಯಾಲ್‌ಟೊಪೊದಲ್ಲಿ ಟ್ರೇಲಿನ ಮೇಲೆ ಗೆರೆ ಎಳೆದರೆ ಒಟ್ಟು ಎಷ್ಟು ಅಡಿ ಹತ್ತಬೇಕು ಅಂತ ಅದೇ ತೋರಿಸುತ್ತೆ. ಕೊಂಡಿಯ ಲೆಕ್ಕ ಮೊದಲು ಮುಗಿಸಿ. ಎರಡು ದಿನಕ್ಕೆ ಆರಾಮಾಗಿ ಆಗುತ್ತಾ ಇಲ್ವಾ ಅನ್ನೋದು ಗೊತ್ತಾದ ಮೇಲೆ ಉಳಿದ ದಿನಗಳನ್ನು ಅದರ ಹಿಂದೆ ಮುಂದೆ ಜೋಡಿಸಿ.

ಮೂರನೇ ಹೆಜ್ಜೆ: ನೀರಿನ ಹಾಳೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಏಣಿನ ಮೇಲೆ ನೀರು ಹರಿಯಲ್ಲ, ಅದು ಕೆಳಗೆ ಹೋಗಿಬಿಡುತ್ತೆ. ಅಪಲಾಚಿಯನ್ ಟ್ರೇಲಿನಲ್ಲಿ ಕೆಲವು ಮೈಲಿಗೊಂದು ಒರತೆ ಸಿಕ್ಕೇ ಸಿಗುತ್ತೆ, ಆದರೆ ಡಂಕನ್ ರಿಡ್ಜ್‌ನಲ್ಲಿ ಒಂದು ನೀರಿನಿಂದ ಇನ್ನೊಂದಕ್ಕೆ ಅರ್ಧ ದಿನ ಆಗಬಹುದು. ಇರುವ ಒರತೆಗಳೂ ಗ್ಯಾಪ್‌ನಿಂದ ಪಕ್ಕಕ್ಕೆ ಇಳಿದ ಕಡೆ ಇರ್ತವೆ.

ಒಂದು ಹಾಳೆ ತಗೊಂಡು ಎಡಕ್ಕೆ ನೀರಿನ ಜಾಗಗಳನ್ನು ನಡೆಯುವ ಕ್ರಮದಲ್ಲಿ ಬರೆಯಿರಿ. ಪಕ್ಕದಲ್ಲಿ ಮುಂದಿನ ನೀರಿಗೆ ಎಷ್ಟು ಗಂಟೆ ಅಂತ ಬರೆಯಿರಿ, ಮೈಲಿ ಬೇಡ. ಅದರ ಪಕ್ಕ ಒಂದು ಗುರುತು: ನದಿ ಅಥವಾ ದೊಡ್ಡ ಹಳ್ಳ ಆದರೆ ‘ಖಚಿತ’, ನಕ್ಷೆಯಲ್ಲಿ ಇರುವ ಸಣ್ಣ ತೊರೆ ಆದರೆ ‘ಇರಬಹುದು’, ಯಾರೋ ಹೇಳಿದ ಒರತೆ ಆದರೆ ‘ಸಿಕ್ಕರೆ ಸಿಕ್ತು’. ಎಷ್ಟು ನೀರು ಹೊರಬೇಕು ಅಂತ ಲೆಕ್ಕ ಹಾಕುವಾಗ ಖಚಿತ ಅನ್ನೋದನ್ನು ಮಾತ್ರ ನಂಬಿ. ಗಂಟೆಗೆ ಅರ್ಧ ಲೀಟರ್, ಬೇಸಿಗೆಯಲ್ಲಿ ಮುಕ್ಕಾಲು. ರಾತ್ರಿ ಅಡುಗೆ ಮತ್ತು ಬೆಳಗಿನ ಕಾಫಿಗೆ ಇನ್ನೂ ಎರಡು ಲೀಟರ್.

ಜಾರ್ಜಿಯಾ ಲೂಪ್‌ನಲ್ಲಿ ಈ ಹಾಳೆಯ ಮುಖ್ಯ ಸಾಲು ಟೊಕೋವಾ ನದಿ. ಅಲ್ಲಿ 1977ರಲ್ಲಿ ಕಟ್ಟಿದ ತೂಗುಸೇತುವೆ ಇದೆ, ಸುಮಾರು 265 ಅಡಿ ಉದ್ದ. ಕಾಲಿಟ್ಟರೆ ಹಲಗೆ ಮೆಲ್ಲಗೆ ತೂಗುತ್ತೆ, ಎರಡೂ ಕಡೆ ತಂತಿ ಹಿಡಿದುಕೊಂಡು ದಾಟಬೇಕು, ಕೆಳಗೆ ಕಲ್ಲುಗಳ ಮೇಲೆ ತಿಳಿನೀರು. ಇಲ್ಲಿ ಹೊಟ್ಟೆ ತುಂಬ ನೀರು ಕುಡಿದು, ಇರುವ ಬಾಟಲಿ ಚೀಲ ಎಲ್ಲ ತುಂಬಿಸಿಕೊಳ್ಳಿ. ಇಲ್ಲಿಂದ ಮುಂದೆ ಹೈವೇ 60 ದಾಟಿ ರೋಡ್ಸ್ ಮೌಂಟನ್ ಹತ್ತಿ ಡಂಕನ್ ರಿಡ್ಜ್ ಸೇರೋವರೆಗೂ ಮೇಲೆ ಮೇಲೆಯೇ ದಾರಿ. ನಾನಾದರೆ ಇಲ್ಲಿಂದ 4 ಲೀಟರ್ ಹೊರದೆ ಹೊರಡಲ್ಲ. 4 ಕೆಜಿ ಭಾರ ನಿಜ, ಆದರೆ ಸಂಜೆ ಐದಕ್ಕೆ ಒಣಗಿದ ಒರತೆ ಮುಂದೆ ನಿಲ್ಲೋದಕ್ಕಿಂತ ಭಾರವೇ ವಾಸಿ.

ಒಣ ಜಾಗದಲ್ಲಿ ಮಲಗಬೇಕಾದ ದಿನಕ್ಕೆ ಒಂದು ಉಪಾಯ ಇದೆ. ಬಿಸಿ ಅಡುಗೆಯನ್ನು ಕೊನೆಯ ನೀರಿನ ಹತ್ತಿರವೇ, ಮಧ್ಯಾಹ್ನ ಮೂರು ನಾಲ್ಕಕ್ಕೆ ಮಾಡಿ ತಿಂದು, ಪಾತ್ರೆ ತೊಳೆದು, ಆಮೇಲೆ ಇನ್ನೆರಡು ಗಂಟೆ ನಡೆದು ಟೆಂಟ್ ಹಾಕಿ. ನೀರು ಹೊರೋದು ಕಡಿಮೆಯಾಗುತ್ತೆ, ಮಲಗುವ ಜಾಗದಲ್ಲಿ ಊಟದ ವಾಸನೆಯೂ ಇರಲ್ಲ. ಎಲ್ಲಾ ನೀರನ್ನೂ ಫಿಲ್ಟರ್ ಮಾಡಿಯೇ ಕುಡಿಯಿರಿ. ಚಳಿಗಾಲದಲ್ಲಿ ಫಿಲ್ಟರನ್ನು ರಾತ್ರಿ ಮಲಗುವ ಚೀಲದೊಳಗೇ ಇಟ್ಟುಕೊಳ್ಳಿ, ಒಮ್ಮೆ ಒಳಗಿನ ನೀರು ಹೆಪ್ಪುಗಟ್ಟಿದರೆ ಆ ಫಿಲ್ಟರನ್ನು ನಂಬೋ ಹಾಗಿಲ್ಲ.

ನಾಲ್ಕನೇ ಹೆಜ್ಜೆ: ಎಲ್ಲಿಂದ ಶುರು, ಯಾವ ದಿಕ್ಕಿಗೆ

ಸ್ಪ್ರಿಂಗರ್‌ನಿಂದಲೇ ಶುರು ಮಾಡಬೇಕು ಅಂತ ಬಹಳ ಜನಕ್ಕೆ ಆಸೆ. ಲೂಪ್‌ಗೆ ತುದಿ ಇಲ್ಲ, ಎಲ್ಲಿಂದಾದರೂ ಶುರು ಮಾಡಬಹುದು. ನನ್ನ ಸಲಹೆ ವುಡಿ ಗ್ಯಾಪ್. ಹೈವೇ 60ರ ಮೇಲೇ ಇದೆ, ಟಾರ್ ರಸ್ತೆ, ಪಾರ್ಕಿಂಗ್ ಇದೆ, ಶೌಚಾಲಯ ಇದೆ. ಸ್ಪ್ರಿಂಗರ್ ಪಾರ್ಕಿಂಗ್‌ಗೆ ಹೋಗೋ ಫಾರೆಸ್ಟ್ ರೋಡ್ 42 ಜಲ್ಲಿ ರಸ್ತೆ, ಜೋರು ಮಳೆ ಬಂದ ಮೇಲೆ ಚಿಕ್ಕ ಕಾರಿಗೆ ಕಷ್ಟ.

ವುಡಿ ಗ್ಯಾಪ್‌ನಿಂದ ಪಶ್ಚಿಮಕ್ಕೆ, ಅಂದ್ರೆ ಸ್ಪ್ರಿಂಗರ್ ಕಡೆಗೆ ನಡೆಯಿರಿ. ಗಡಿಯಾರದ ಮುಳ್ಳಿನ ದಿಕ್ಕು. ಇದಕ್ಕೆ ಕಾರಣ ಇದೆ. ಮೊದಲ ಎರಡು ದಿನ ಅಪಲಾಚಿಯನ್ ಟ್ರೇಲಿನ ಮೇಲೆ ಇರ್ತೀರಿ, ಅದೇ ಫಾರೆಸ್ಟ್ ರೋಡ್ 42 ಈ ಭಾಗವನ್ನು ಗೂಚ್ ಗ್ಯಾಪ್, ಕೂಪರ್ ಗ್ಯಾಪ್, ಹೀಗೆ ಮತ್ತೆ ಮತ್ತೆ ಮುಟ್ಟುತ್ತೆ. ಶೂ ಕಚ್ಚೋದು, ಸ್ಟವ್ ಕೈಕೊಡೋದು, ಜೊತೆಯವರಿಗೆ ಮೊಣಕಾಲು ನೋವು ಬರೋದು, ಇದೆಲ್ಲ ಸಾಮಾನ್ಯವಾಗಿ ಗೊತ್ತಾಗೋದು ಮೊದಲ ಎರಡು ದಿನದಲ್ಲೇ. ಆ ಎರಡು ದಿನ ರಸ್ತೆ ಹತ್ತಿರ ಇರಬೇಕು. ಡಂಕನ್ ರಿಡ್ಜ್ ಬರೋ ಹೊತ್ತಿಗೆ ಊಟದ ಚೀಲ ಹಗುರ ಆಗಿರುತ್ತೆ, ಕಾಲು ಪಳಗಿರುತ್ತೆ. ಅದೇ ಪೂರ್ವದ ಕಡೆಯಿಂದ ಹೊರಟರೆ, ಆರು ದಿನದ ಊಟ ಬೆನ್ನ ಮೇಲೆ ಇರುವಾಗಲೇ ಕೂಸಾ ಬಾಲ್ಡ್ ಎದುರಾಗುತ್ತೆ.

ದಿನಗಳನ್ನು ಹೀಗೆ ಹಂಚಬಹುದು. ಮೊದಲ ದಿನ ಅಟ್ಲಾಂಟಾದಿಂದ ಬಂದು ಮಧ್ಯಾಹ್ನ ಹೊರಟು ಗೂಚ್ ಮೌಂಟನ್ ಶೆಲ್ಟರ್, 5 ಮೈಲಿಗಿಂತ ಕಡಿಮೆ. ಎರಡನೇ ದಿನ ಸ್ಟೋವರ್ ಕ್ರೀಕ್ ಶೆಲ್ಟರ್, 13 ಮೈಲಿ, ಉದ್ದದ ದಿನ. ಆಗಲ್ಲ ಅಂದ್ರೆ ನಡುವೆ ಹಾಕ್ ಮೌಂಟನ್ ಶೆಲ್ಟರ್ ಇದೆ. (ಆ ಸುತ್ತಮುತ್ತ ರಾತ್ರಿ ಗುಂಡಿನ ಸದ್ದು ಕೇಳಿದರೆ ಗಾಬರಿ ಬೇಡ. ಪಕ್ಕದಲ್ಲೇ ಕ್ಯಾಂಪ್ ಮೆರಿಲ್, ಸೇನೆಯ ರೇಂಜರ್‌ಗಳು ಬೆಟ್ಟದ ತರಬೇತಿ ಪಡೆಯುವ ಜಾಗ.) ಮೂರನೇ ದಿನ ಸ್ಪ್ರಿಂಗರ್ ತುದಿ ಮುಟ್ಟಿ, ಮಕಾಯ್ ಟ್ರೇಲ್ ಹಿಡಿದು ತ್ರೀ ಫೋರ್ಕ್ಸ್ ಹತ್ತಿರ. ನಾಲ್ಕನೇ ದಿನ ಲಾಂಗ್ ಕ್ರೀಕ್ ಜಲಪಾತ ನೋಡಿಕೊಂಡು ಟೊಕೋವಾ ಸೇತುವೆ. ಇದನ್ನು ಬೇಕಂತಲೇ ಚಿಕ್ಕ ದಿನ ಮಾಡಿ, ನದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಬಟ್ಟೆ ಒಣಗಿಸಿಕೊಳ್ಳಿ. ಐದು ಮತ್ತು ಆರನೇ ದಿನ ಡಂಕನ್ ರಿಡ್ಜ್. ಆರನೇ ರಾತ್ರಿ ಸ್ಲಾಟರ್ ಗ್ಯಾಪ್ ದಾಟಿ 3 ಮೈಲಿಗಿಂತ ಸ್ವಲ್ಪ ಜಾಸ್ತಿ ದೂರದ ಲ್ಯಾನ್ಸ್ ಕ್ರೀಕ್. ಏಳನೇ ದಿನ ಬೆಳಿಗ್ಗೆ 4 ಮೈಲಿ ನಡೆದರೆ ವುಡಿ ಗ್ಯಾಪ್, ಕಾರು. ರಜೆ ಕಡಿಮೆ ಇದ್ದರೆ ತ್ರೀ ಫೋರ್ಕ್ಸ್‌ನಲ್ಲಿ ಕತ್ತರಿಸಿ, ಒಂದು ದಿನ ಉಳಿಯುತ್ತೆ.

ಬ್ಲಡ್ ಮೌಂಟನ್ ಈ ಸುತ್ತಿನ ಒಳಗೆ ಬರಲ್ಲ, ಆದರೆ ಸ್ಲಾಟರ್ ಗ್ಯಾಪ್‌ನಿಂದ ಒಂದು ಮೈಲಿ ಅಷ್ಟೇ. ಜಾರ್ಜಿಯಾದಲ್ಲಿ ಅಪಲಾಚಿಯನ್ ಟ್ರೇಲಿನ ಅತಿ ಎತ್ತರದ ಜಾಗ ಅದು, 4,458 ಅಡಿ. ಮೇಲೆ ಕಲ್ಲಿನ ಹಳೆ ಶೆಲ್ಟರ್, ದೊಡ್ಡ ಬಂಡೆ, ಸುತ್ತ ಅಲೆ ಅಲೆಯಾಗಿ ಬೆಟ್ಟ. ಚೀಲದ ಭಾರ ಹೊತ್ತೇ ಆದರೂ ಹೋಗಿ ಬನ್ನಿ, ಬಿಡಬೇಡಿ.

ಐದನೇ ಹೆಜ್ಜೆ: ಮಲಗೋದು ಎಲ್ಲಿ, ಕರಡಿ ಪಾಡೇನು

ಇಡೀ ಲೂಪ್ ಚಾಟಹೂಚಿ ನ್ಯಾಷನಲ್ ಫಾರೆಸ್ಟ್ ಒಳಗಿದೆ. ಇಲ್ಲಿ ಟೆಂಟ್ ಹಾಕೋಕೆ ಪರ್ಮಿಟ್ ಬೇಡ, ದುಡ್ಡೂ ಬೇಡ. ನ್ಯಾಷನಲ್ ಪಾರ್ಕ್ ಮತ್ತು ನ್ಯಾಷನಲ್ ಫಾರೆಸ್ಟ್ ಎರಡರ ನಿಯಮ ಬೇರೆ ಬೇರೆ ಅನ್ನೋದು ನೆನಪಿರಲಿ, ಯಾವ ಲೂಪ್ ಮಾಡಿದರೂ ಇದನ್ನು ಮೊದಲೇ ನೋಡಿಕೊಳ್ಳಬೇಕು. ಶೆಲ್ಟರ್‌ಗಳು ಅಪಲಾಚಿಯನ್ ಟ್ರೇಲಿನ ಭಾಗದಲ್ಲಿ ಮಾತ್ರ. ಮಕಾಯ್ ಟ್ರೇಲಿನ ಈ ತುಂಡಿನಲ್ಲಾಗಲಿ ಡಂಕನ್ ರಿಡ್ಜ್‌ನಲ್ಲಾಗಲಿ ಇಲ್ಲ. ಹಾಗಾಗಿ ಟೆಂಟ್ ಬೇಕೇ ಬೇಕು.

ಕಪ್ಪು ಕರಡಿಗಳು ಇಲ್ಲಿ ಜಾಸ್ತಿ. ಜ್ಯಾರರ್ಡ್ ಗ್ಯಾಪ್‌ನಿಂದ ನೀಲ್ ಗ್ಯಾಪ್‌ವರೆಗಿನ ತುಂಡಿನಲ್ಲಿ ಮಾರ್ಚ್ 1ರಿಂದ ಜೂನ್ 1ರವರೆಗೆ ರಾತ್ರಿ ತಂಗಬೇಕಾದರೆ ಊಟವನ್ನು ಕರಡಿ ತೆರೆಯೋಕಾಗದ ಗಟ್ಟಿ ಡಬ್ಬದಲ್ಲೇ ಇಡಬೇಕು ಅಂತ ಫಾರೆಸ್ಟ್ ಸರ್ವಿಸ್ ಆದೇಶ ಇದೆ. ಲ್ಯಾನ್ಸ್ ಕ್ರೀಕ್ ಆ ಗಡಿಯಿಂದ ಸುಮಾರು 2 ಮೈಲಿ ಆಚೆ, ಅದಕ್ಕೇ ಆರನೇ ರಾತ್ರಿಗೆ ಅದನ್ನು ಹೇಳಿದ್ದು. ಹೊರಡೋ ವಾರ ಆದೇಶವನ್ನು ಇನ್ನೊಮ್ಮೆ ಓದಿ, ಇವು ಬದಲಾಗ್ತಾ ಇರ್ತವೆ. ನಿಯಮ ಇರಲಿ ಬಿಡಲಿ, ಡಬ್ಬ ಒಯ್ಯೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಒಂದು ಕೆಜಿ ಚಿಲ್ಲರೆ ತೂಗುತ್ತೆ ನಿಜ. ಆದರೆ ಊಟದ ಚೀಲ ಮರಕ್ಕೆ ನೇತುಹಾಕೋಕೆ ಕತ್ತಲಲ್ಲಿ ಸರಿಯಾದ ಕೊಂಬೆ ಹುಡುಕಿ ಹಗ್ಗ ಎಸೆಯೋ ಕೆಲಸ ತಪ್ಪುತ್ತೆ, ಕೂರೋಕೆ ಸ್ಟೂಲೂ ಆಗುತ್ತೆ. ಮುಖ್ಯ ವಿಷಯ ಬೇರೆ: ಮನುಷ್ಯರ ಊಟದ ರುಚಿ ಕಂಡ ಕರಡಿ ಮತ್ತೆ ಮತ್ತೆ ಬರುತ್ತೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತೆ. ನಮ್ಮ ಒಂದು ರಾತ್ರಿಯ ಸೋಮಾರಿತನಕ್ಕೆ ಅದು ಪ್ರಾಣ ಕೊಡಬಾರದು. ಡಬ್ಬವನ್ನು ಟೆಂಟಿನಿಂದ ಎಪ್ಪತ್ತು ಎಂಬತ್ತು ಹೆಜ್ಜೆ ದೂರ ಇಡಿ. ಟೂತ್‌ಪೇಸ್ಟ್, ಸೋಪು, ಚಟ್ನಿಪುಡಿ ಪೊಟ್ಟಣ, ವಾಸನೆ ಇರೋದೆಲ್ಲ ಅದರೊಳಗೇ ಹೋಗಬೇಕು.

ಬಹಿರ್ದೆಸೆಗೆ ನೀರಿನಿಂದ, ದಾರಿಯಿಂದ ಎಪ್ಪತ್ತು ಹೆಜ್ಜೆ ದೂರ ಹೋಗಿ 6ರಿಂದ 8 ಇಂಚು ಗುಂಡಿ ತೋಡಿ ಮುಚ್ಚಿ. ಟಿಶ್ಯೂ ವಾಪಸ್ ತನ್ನಿ.

ಆರನೇ ಹೆಜ್ಜೆ: ಊಟ

ಅಂಗಡಿಯಲ್ಲಿ ಸಿಗೋ ಫ್ರೀಜ್ ಡ್ರೈ ಊಟ ದುಬಾರಿ, ನಮ್ಮ ಬಾಯಿಗೆ ಎರಡು ದಿನಕ್ಕೇ ಸಾಕಾಗುತ್ತೆ. ಬಿಸಿ ಮಾಡಿ ತಿನ್ನುವ ರೆಡಿ ಪಲ್ಯದ ಪೊಟ್ಟಣಗಳಲ್ಲಿ ಬಹುಪಾಲು ನೀರಿನ ತೂಕವೇ, ಮೊದಲ ರಾತ್ರಿಗೆ ಒಂದು ಸಾಕು. ಒಬ್ಬರಿಗೆ ದಿನಕ್ಕೆ 700ರಿಂದ 800 ಗ್ರಾಂ ಒಣ ಪದಾರ್ಥ ಅಂತ ತೂಗಿ ಕಟ್ಟಿ, ಕಣ್ಣಂದಾಜು ಬೇಡ.

ನೀರು ಕಡಿಮೆ ಇರುವ ಕೊಂಡಿ ದಿನಗಳಿಗೆ ಗೊಜ್ಜವಲಕ್ಕಿಗೆ ಸಮ ಯಾವುದೂ ಇಲ್ಲ. ಗಟ್ಟಿ ಅವಲಕ್ಕಿಯನ್ನು ಮನೆಯಲ್ಲೇ ಮಿಕ್ಸಿಯಲ್ಲಿ ರವೆ ತರಿ ಮಾಡಿ, ಹುಣಸೆ ಪುಡಿ, ಸಾರಿನಪುಡಿ, ಬೆಲ್ಲದ ಪುಡಿ, ಉಪ್ಪು, ಒಣಕೊಬ್ಬರಿ, ಹುರಿದ ಶೇಂಗಾ, ಒಗ್ಗರಣೆ ಎಲ್ಲ ಸೇರಿಸಿ ಒಂದೊಂದು ಹೊತ್ತಿಗೆ ಒಂದೊಂದು ಜಿಪ್ ಚೀಲದಲ್ಲಿ ಹಾಕಿಡಿ. ಬೆಟ್ಟದ ಮೇಲೆ ಚೀಲದೊಳಗೇ ತಣ್ಣೀರು ಹಾಕಿ, ಹಿಚುಕಿ, ಹದಿನೈದು ನಿಮಿಷ ಬಿಟ್ಟರೆ ಊಟ ಸಿದ್ಧ. ಸ್ಟವ್ ಹಚ್ಚೋದಿಲ್ಲ, ಪಾತ್ರೆ ತೊಳೆಯೋಕೆ ನೀರು ಖರ್ಚಾಗೋದಿಲ್ಲ. ಬೆಳಿಗ್ಗೆ ಉಪ್ಪಿಟ್ಟು ಮಿಕ್ಸ್, ನಡೆಯುವಾಗ ಚಿಕ್ಕಿ, ಖರ್ಜೂರ, ಹುರಿಗಾಳು. ಒಂದು ಚಿಕ್ಕ ಡಬ್ಬಿ ತುಪ್ಪ ಇರಲಿ, ತೂಕಕ್ಕೆ ಹೋಲಿಸಿದರೆ ಅಷ್ಟು ಶಕ್ತಿ ಕೊಡೋ ಪದಾರ್ಥ ಬಹಳ ಕಡಿಮೆ.

ಊಟ ಕಡಿಮೆ ಬಿತ್ತು ಅಂದ್ರೆ ಬ್ಲಡ್ ಮೌಂಟನ್ ದಾಟಿ ನೀಲ್ ಗ್ಯಾಪ್‌ಗೆ ಇಳಿದರೆ ಮೌಂಟನ್ ಕ್ರಾಸಿಂಗ್ಸ್ ಅಂಗಡಿ ಇದೆ. ಅಪಲಾಚಿಯನ್ ಟ್ರೇಲ್ ಆ ಕಲ್ಲಿನ ಕಟ್ಟಡದ ಸೂರಿನ ಕೆಳಗೇ ಹಾದು ಹೋಗುತ್ತೆ. ಸ್ಲಾಟರ್ ಗ್ಯಾಪ್‌ನಿಂದ ಅಲ್ಲಿಗೆ ಮೂರು ಮೈಲಿ ಚಿಲ್ಲರೆ, ಆದರೆ ವಾಪಸ್ ಬರೋದು ಬೆಟ್ಟ ಹತ್ತಿಯೇ.

ಏಳನೇ ಹೆಜ್ಜೆ: ದಾರಿ ಗುರುತು ಮತ್ತು ಹೊರಬರುವ ದಾರಿ

ಲೂಪ್‌ನಲ್ಲಿ ದಾರಿ ತಪ್ಪೋದು ಎರಡು ಟ್ರೇಲ್ ಸೇರುವ ಜಾಗದಲ್ಲೇ. ಮರದ ಮೇಲೆ ಬಳಿದ ಬಣ್ಣದ ಗುರುತಿಗೆ ಬ್ಲೇಜ್ ಅಂತಾರೆ. ಅಪಲಾಚಿಯನ್ ಟ್ರೇಲಿನದ್ದು 2 ಇಂಚು ಅಗಲ, 6 ಇಂಚು ಉದ್ದದ ಬಿಳಿ ಪಟ್ಟಿ. ಮಕಾಯ್ ಟ್ರೇಲಿನದ್ದೂ ಬಿಳಿಯೇ, ಆದರೆ ವಜ್ರದ ಆಕಾರ. ಡಂಕನ್ ರಿಡ್ಜ್ ನೀಲಿ ಪಟ್ಟಿ. ಲಾಂಗ್ ಕ್ರೀಕ್ ಹತ್ತಿರ ಮೂರೂ ಟ್ರೇಲ್ ಒಂದೇ ದಾರಿಯಲ್ಲಿ ಹೋಗ್ತವೆ, ಆಮೇಲೆ ಅಪಲಾಚಿಯನ್ ಟ್ರೇಲ್ ಬೇರೆಯಾಗುತ್ತೆ. ಡಂಕನ್ ರಿಡ್ಜ್ ಮಾತ್ರ ರೋಡ್ಸ್ ಮೌಂಟನ್ ತನಕ ಮಕಾಯ್ ಟ್ರೇಲಿನ ಜೊತೆಗೇ ಬರುತ್ತೆ. ಮಾತಾಡ್ತಾ ನಡೆಯುವಾಗ ‘ಬಿಳಿ ಗುರುತು ಕಾಣ್ತಿದೆ, ಸರಿ’ ಅಂತ ಹೋಗಿಬಿಡೋದು ಬಹಳ ಸುಲಭ. ಬಣ್ಣ ಮಾತ್ರ ನೋಡಬೇಡಿ, ಆಕಾರ ನೋಡಿ. ಒಂದರ ಮೇಲೊಂದು ಎರಡು ಬ್ಲೇಜ್ ಇದ್ದರೆ ಮುಂದೆ ತಿರುವು ಇದೆ ಅಂತ ಅರ್ಥ. ರೋಡ್ಸ್ ಮೌಂಟನ್‌ನಲ್ಲಿ ಕಥೆ ಉಲ್ಟಾ, ಅಲ್ಲಿ ವಜ್ರ ಬಿಟ್ಟು ನೀಲಿ ಹಿಡಿಯಬೇಕು. ಹೀಗೆ ಬದಲಾಗುವ ಪ್ರತಿ ಜಾಗವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲೇ ಇಟ್ಟುಕೊಳ್ಳಿ. ಫೋನಿನಲ್ಲಿ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ ತೆರೆದು ನೋಡಿ, ತೆರೆದುಕೊಂಡರೆ ಮಾತ್ರ ಅದು ನಿಮ್ಮ ಹತ್ತಿರ ಇದೆ ಅಂತ ಲೆಕ್ಕ.

ಹೊರಬರುವ ದಾರಿಗಳನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಮಕಾಯ್ ಟ್ರೇಲ್ ಹೈವೇ 60 ದಾಟುವ ಜಾಗ. ಡಂಕನ್ ರಿಡ್ಜ್‌ನಲ್ಲಿ ಮಲ್ಕಿ ಗ್ಯಾಪ್‌ನ ಜಲ್ಲಿ ರಸ್ತೆ, ಆಮೇಲೆ ವುಲ್ಫ್‌ಪೆನ್ ಗ್ಯಾಪ್‌ನಲ್ಲಿ ಹೈವೇ 180. ಕೂಸಾ ಟ್ರೇಲ್ ಹಿಡಿದು ಇಳಿದರೆ ವೋಗಲ್ ಸ್ಟೇಟ್ ಪಾರ್ಕ್, ಅಲ್ಲಿ ಜನ, ಫೋನ್ ಎಲ್ಲ ಇರುತ್ತೆ. ಬೆಟ್ಟದ ಈ ಮಡಿಲಲ್ಲಿ ಬಹಳ ಕಡೆ ಸಿಗ್ನಲ್ ಸಿಗಲ್ಲ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನ ಒಂದು ಗುಂಪಿಗೆ ಒಂದಾದರೂ ಇರಲಿ. ಮನೆಯಲ್ಲಿ ಇರುವವರಿಗೆ ನಿಮ್ಮ ಹಾಳೆಯ ಫೋಟೊ ಕೊಟ್ಟು, ‘ಇಷ್ಟು ಹೊತ್ತಿಗೆ ಮೆಸೇಜ್ ಬರದಿದ್ದರೆ ಪೊಲೀಸರಿಗೆ ಫೋನ್ ಮಾಡಿ’ ಅಂತ ಒಂದು ದಿನ ಮತ್ತು ಒಂದು ಗಂಟೆ ಹೇಳಿ ಹೋಗಿ. ‘ಭಾನುವಾರ ಬರ್ತೀವಿ’ ಅಂದ್ರೆ ಸಾಲದು.

ಎಂಟನೇ ಹೆಜ್ಜೆ: ಕಾಲ

ಏಪ್ರಿಲ್ ಕೊನೆ ಮತ್ತು ಅಕ್ಟೋಬರ್ ಕೊನೆ ಚೆನ್ನ. ಏಪ್ರಿಲ್‌ನಲ್ಲಿ ಕಾಡಿನ ನೆಲದ ತುಂಬ ಹೂವು, ನೀರೂ ಧಾರಾಳ. ಮಾರ್ಚ್‌ನಲ್ಲಿ ಮೇಯ್ನ್‌ವರೆಗೆ ಹೊರಟವರಿಂದ ಸ್ಪ್ರಿಂಗರ್ ಸುತ್ತಮುತ್ತ ಶೆಲ್ಟರ್ ಎಲ್ಲ ತುಂಬಿರುತ್ತೆ. ಅಕ್ಟೋಬರ್‌ನಲ್ಲಿ ಬಣ್ಣ ನೋಡೋಕೆ ಎರಡು ಕಣ್ಣು ಸಾಲದು, ಆದರೆ ಒರತೆ ಒಣಗುವ ಕಾಲವೂ ಅದೇ, ನೀರಿನ ಹಾಳೆಯಲ್ಲಿ ‘ಇರಬಹುದು’ ಅಂತ ಬರೆದದ್ದನ್ನೆಲ್ಲ ಹೊಡೆದುಹಾಕಿ. ಜಿಂಕೆ ಬೇಟೆಯ ಸೀಸನ್ನೂ ಆಗಲೇ ಶುರು, ಎಲ್ಲರೂ ತಪ್ಪದೇ ಗಾಢ ಕಿತ್ತಳೆ ಬಣ್ಣದ ಟೋಪಿ ಅಥವಾ ಅಂಗಿ ಹಾಕಿ. ಬೇಸಿಗೆಯಲ್ಲಿ ಉಣ್ಣಿ ಕಾಟ, ಮಧ್ಯಾಹ್ನದ ಗುಡುಗು ಮಳೆ. ಅಟ್ಲಾಂಟಾದ ಹವಾಮಾನ ನೋಡಿ ಬಟ್ಟೆ ಕಟ್ಟಬೇಡಿ, ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಷ್ಟು ಚಳಿ ಜಾಸ್ತಿ, ಏಣಿನ ಮೇಲೆ ಗಾಳಿ ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಅಪಲಾಚಿಯನ್ ಟ್ರೇಲಿನ ದಕ್ಷಿಣ ಭಾಗದಲ್ಲಿ ಬಹಳ ಹಾನಿ ಮಾಡಿತು. ಇಂಥದ್ದಾದಾಗ ದೊಡ್ಡ ಟ್ರೇಲನ್ನು ಮೊದಲು ಸರಿ ಮಾಡ್ತಾರೆ, ಕೊಂಡಿಯ ಸರದಿ ಆಮೇಲೆ. ಬಿದ್ದ ಮರ ಹತ್ತಿ ಇಳಿಯೋದಕ್ಕೂ ಸಮಯ ಇಟ್ಟುಕೊಂಡಿರಿ.

ಮೊದಲ ಸಲ ಆದರೆ

ನೇರ 60 ಮೈಲಿಗೆ ಹೋಗಬೇಡಿ. ಸ್ಪ್ರಿಂಗರ್‌ನಿಂದ ತ್ರೀ ಫೋರ್ಕ್ಸ್‌ಗೆ ಅಪಲಾಚಿಯನ್ ಟ್ರೇಲಿನಲ್ಲಿ ಹೋಗಿ ಮಕಾಯ್ ಟ್ರೇಲಿನಲ್ಲಿ ವಾಪಸ್ ಬಂದರೆ 10 ಮೈಲಿಯ ಪುಟ್ಟ ಲೂಪ್ ಆಗುತ್ತೆ, ಒಂದು ರಾತ್ರಿ ಸಾಕು. ಬ್ಲೇಜ್ ಓದೋದು, ಡಬ್ಬ ತುಂಬೋದು, ನಿಮ್ಮ ನಿಜವಾದ ವೇಗ ಎಷ್ಟು ಅನ್ನೋದು ಎಲ್ಲ ಅಲ್ಲೇ ಗೊತ್ತಾಗುತ್ತೆ. ಆ ವೇಗವನ್ನೇ ದೊಡ್ಡ ಲೂಪಿನ ಲೆಕ್ಕಕ್ಕೆ ಹಾಕಿ.

ಬೇರೆ ಊರುಗಳಲ್ಲಿ ಇರುವವರಿಗೂ ಇದೇ ವಿಧಾನ. ಬೇ ಏರಿಯಾದವರಿಗೆ ಟಾಹೋ ರಿಮ್ ಟ್ರೇಲ್ ಇದೆ, ಸುಮಾರು 165 ಮೈಲಿ, ಅದರಲ್ಲಿ 50 ಮೈಲಿಯಷ್ಟು ಪೆಸಿಫಿಕ್ ಕ್ರೆಸ್ಟ್ ಟ್ರೇಲಿನ ಜೊತೆಗೇ ಹೋಗುತ್ತೆ. ಬಾಸ್ಟನ್ ಕಡೆಯವರಿಗೆ ನ್ಯೂ ಹ್ಯಾಂಪ್‌ಶೈರ್‌ನ ಪೆಮಿ ಲೂಪ್, ಸುಮಾರು 31 ಮೈಲಿ. ವರ್ಜೀನಿಯಾದವರು ಡ್ರ್ಯಾಗನ್ಸ್ ಟೂತ್, ಮಕಾಫಿ ನಾಬ್, ಟಿಂಕರ್ ಕ್ಲಿಫ್ಸ್ ಮೂರನ್ನೂ ನಾರ್ತ್ ಮೌಂಟನ್ ಟ್ರೇಲಿನ ಮೂಲಕ ಸುತ್ತಿ ಬರಬಹುದು. ಅಲ್ಲಿ ಕೊಂಡಿ ಅಂದ್ರೆ ಆ ನಾರ್ತ್ ಮೌಂಟನ್ನೇ. ಅದೂ ಒಣ ಏಣು, ನೀರಿನ ಹಾಳೆ ಅಲ್ಲಿಂದಲೇ ಶುರು ಮಾಡಿ.

ಜಾರ್ಜಿಯಾ ಲೂಪ್ ಆದ ಮೇಲೆ ಇನ್ನೂ ದೊಡ್ಡದು ಬೇಕು ಅನ್ನಿಸಿದರೆ ಸ್ಮೋಕಿಸ್‌ಗೆ ಹೋಗಿ. ಅಲ್ಲಿ ಅಪಲಾಚಿಯನ್ ಟ್ರೇಲ್ ಮೇಲೆ ಏಣಿನಲ್ಲಿ, ಮಕಾಯ್ ಟ್ರೇಲ್ ಕೆಳಗೆ ಹಳ್ಳಗಳ ಪಕ್ಕ ಹೋಗುತ್ತೆ, ನಡುವೆ ಏಣಿಯ ಮೆಟ್ಟಿಲುಗಳ ಹಾಗೆ ಎಷ್ಟೋ ಅಡ್ಡ ಟ್ರೇಲುಗಳು. ಯಾವ ಮೆಟ್ಟಿಲು ಹಿಡಿದು ಹತ್ತಬೇಕು, ಯಾವುದರಲ್ಲಿ ಇಳಿಯಬೇಕು ಅನ್ನೋದರ ಮೇಲೆ ಮೂರು ದಿನದ್ದೂ ಮಾಡಬಹುದು, ಎರಡು ವಾರದ್ದೂ ಮಾಡಬಹುದು. ಆದರೆ ಅದು ನ್ಯಾಷನಲ್ ಪಾರ್ಕ್. ಸಿಕ್ಕಲ್ಲಿ ಟೆಂಟ್ ಹಾಕೋ ಹಾಗಿಲ್ಲ, ಪ್ರತಿ ರಾತ್ರಿಯ ಜಾಗವನ್ನೂ ಮೊದಲೇ ಬುಕ್ ಮಾಡಬೇಕು. 2023ರಿಂದ ಒಬ್ಬರಿಗೆ ರಾತ್ರಿಗೆ 8 ಡಾಲರ್, ಒಂದು ಪರ್ಮಿಟ್‌ಗೆ ಒಬ್ಬರಿಗೆ ಹೆಚ್ಚೆಂದರೆ 40 ಡಾಲರ್. ಕಾರು ನಿಲ್ಲಿಸೋಕೆ ಬೇರೆ ಟ್ಯಾಗ್, ವಾರಕ್ಕೆ 15 ಡಾಲರ್. ಅಡ್ಡ ಟ್ರೇಲಿನ ಹತ್ತಿರದ ಕ್ಯಾಂಪ್‌ಗಳನ್ನು ಮೊದಲು ಹಿಡಿಯಿರಿ, ಉಳಿದ ರಾತ್ರಿಗಳನ್ನು ಅದರ ಸುತ್ತ ಹೊಂದಿಸಿಕೊಳ್ಳಿ.